ಹಿಂದೆ ಉಳಿಯುವ ಮಗು, ಗಲಾಟೆ ಮಾಡುವ ಮಗು ಮತ್ತು ಶಿಕ್ಷಕರ ಹೊಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಶಿಕ್ಷಕರು ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ, ಬಿಸಿಯೂಟದ ಬಿಡುವಿನಲ್ಲಿ, ಬಸ್ಸಿಗೆ ಕಾಯುವಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇದು ಇಲಾಖೆಯ ಸುತ್ತೋಲೆಯಲ್ಲ, ಈ ಜಿಲ್ಲೆಯಲ್ಲಿ ಬಹುಕಾಲ ಪಾಠ ಮಾಡಿದ ಶಿಕ್ಷಕಿಯ ಅಭಿಪ್ರಾಯ. ಕಾನೂನಿನ ಮಾತು ಬಂದಲ್ಲಿ ಮಾತ್ರ ಕಾನೂನು ಹೇಳುವುದನ್ನೇ ಹೇಳಿದ್ದೇನೆ.

ಕಲಿಕೆಯಲ್ಲಿ ಹಿಂದೆ ಉಳಿದ ಮಗು ಬೇರೆ, ತರಗತಿ ಕೆಡಿಸುವ ಮಗು ಬೇರೆ. ಇಬ್ಬರನ್ನೂ ಏಕೆ ಒಟ್ಟಿಗೆ ಸೇರಿಸುತ್ತೀರಿ?

ಅನೇಕ ಸಲ ಆ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಆರನೇ ತರಗತಿಯಲ್ಲಿ ಕುಳಿತು ಒತ್ತಕ್ಷರ ಓದಲು ಬಾರದ ಹುಡುಗ ಬೆಳಗಿನಿಂದ ಸಂಜೆಯವರೆಗೆ ತನಗೆ ಅರ್ಥವಾಗದ ಮಾತು ಕೇಳುತ್ತಿರಬೇಕು. ಯಾವ ಗಳಿಗೆಯಲ್ಲಿ ಎಬ್ಬಿಸಿ ಓದಿಸುತ್ತಾರೋ ಎಂಬ ಭಯ ಬೇರೆ. ಅಷ್ಟರಲ್ಲಿ ಪಕ್ಕದವನ ಪೆನ್ಸಿಲ್ ಕಿತ್ತುಕೊಂಡರೆ ಅವನನ್ನು ಹೊರಗೆ ನಿಲ್ಲಿಸುತ್ತಾರೆ, ಓದುವ ಸರದಿ ತಪ್ಪುತ್ತದೆ. ‘ಓದಲು ಬಾರದವನು’ ಅನ್ನಿಸಿಕೊಳ್ಳುವುದಕ್ಕಿಂತ ‘ಪೋಕರಿ’ ಅನ್ನಿಸಿಕೊಳ್ಳುವುದು ಆ ವಯಸ್ಸಿನಲ್ಲಿ ಎಷ್ಟೋ ಮೇಲು. ಹಾಗಾಗಿ ಗಲಾಟೆಯ ದೂರು ಬಂದಾಗ ನಾನು ಮೊದಲು ನೋಡುವುದು ಆ ಮಗುವಿನ ಓದು ಯಾವ ಮಟ್ಟದಲ್ಲಿದೆ ಎಂದು.

ಇನ್ನೊಂದು ಕಡೆ, ಗಲಾಟೆಯನ್ನೇ ಮಾಡದೆ ಕಡೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂರುವ ಹುಡುಗಿ ಇರುತ್ತಾಳೆ. ಬೋರ್ಡಿನ ಮೇಲಿರುವುದನ್ನು ಅಂದವಾಗಿ ನಕಲು ಮಾಡುತ್ತಾಳೆ, ಒಂದು ಸಾಲೂ ಓದಲಾರಳು. ಯಾರಿಗೂ ತೊಂದರೆ ಕೊಡದ ಕಾರಣಕ್ಕೇ ಅವಳು ಯಾರ ಗಮನಕ್ಕೂ ಬರುವುದಿಲ್ಲ. ನಮ್ಮ ತರಗತಿಗಳಲ್ಲಿ ಅತಿ ಹೆಚ್ಚು ಅನ್ಯಾಯ ಆಗುವುದು ಅವಳಿಗೆ ಎಂದು ನನ್ನ ನಂಬಿಕೆ.

ನೈತಿಕ ಹೊಣೆ ಎಂದರೇನು? ಪಠ್ಯ ಮುಗಿಸಿ, ಪರೀಕ್ಷೆ ನಡೆಸಿದರೆ ಸಾಲದೇ?

ಸಾಲದು. ಪಠ್ಯ ಮುಗಿಯುವುದು ಪುಸ್ತಕಕ್ಕೆ ಸಂಬಂಧಿಸಿದ ವಿಷಯ, ಕಲಿಕೆ ಮಗುವಿಗೆ ಸಂಬಂಧಿಸಿದ್ದು. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಬರೆದ ದಿನದಿಂದ ಆ ಮಗುವಿನ ಕಲಿಕೆ ನನ್ನ ಲೆಕ್ಕಕ್ಕೆ ಸೇರುತ್ತದೆ. ಮಗು ಚೆನ್ನಾಗಿ ನಡೆದುಕೊಂಡರೆ ಮಾತ್ರ, ಕೃತಜ್ಞತೆ ತೋರಿದರೆ ಮಾತ್ರ, ಮನೆಯವರು ಸಹಕರಿಸಿದರೆ ಮಾತ್ರ ಎಂಬ ಷರತ್ತು ಅದಕ್ಕಿಲ್ಲ. ಈ ಪುಟದ ಉಳಿದೆಲ್ಲ ಉತ್ತರಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಕಾನೂನು ಇಷ್ಟೆಲ್ಲ ಕೇಳುತ್ತದೆಯೇ?

ಕೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ: ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ಕೊಡಬೇಕು, ಪೋಷಕರನ್ನು ನಿಯಮಿತವಾಗಿ ಕಂಡು ಹಾಜರಿ ಮತ್ತು ಪ್ರಗತಿಯ ಬಗ್ಗೆ ತಿಳಿಸಬೇಕು. 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೇ ಕಲಂ ಮಗುವನ್ನು ಭಯ, ಆತಂಕಗಳಿಂದ ಮುಕ್ತವಾಗಿಡಬೇಕು ಎನ್ನುತ್ತದೆ.

ಈ ಕಾಯ್ದೆ 6ರಿಂದ 14 ವರ್ಷದವರಿಗೆ ತಾನೇ, ಪ್ರೌಢಶಾಲೆಯಲ್ಲಿ ಕೈ ಬಿಚ್ಚಬಹುದು ಎಂದು ಕೆಲವರು ವಾದಿಸುತ್ತಾರೆ. 2015ರ ಬಾಲ ನ್ಯಾಯ ಕಾಯ್ದೆ 18 ವರ್ಷದವರೆಗಿನ ಎಲ್ಲರಿಗೂ ಅನ್ವಯಿಸುತ್ತದೆ. ತನ್ನ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗಿದವರಿಗೆ ಅದರ 75ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು.

ಆದರೆ ಕಾನೂನಿನ ಹೆದರಿಕೆಯಿಂದ ಮಾತ್ರ ಬೆತ್ತ ಬಿಟ್ಟ ಶಿಕ್ಷಕರು ನಾಲಿಗೆಯನ್ನು ಬೆತ್ತ ಮಾಡಿಕೊಂಡಿರುವುದನ್ನು ನೋಡಿದ್ದೇನೆ. ‘ನಿನ್ನ ತಲೆಯಲ್ಲಿ ಮಣ್ಣು ತುಂಬಿದೆ’, ‘ನೀನು ಕಾಫಿ ಕೊಯ್ಯುವುದಕ್ಕೇ ಹುಟ್ಟಿದವನು’ ಎಂಬ ಮಾತುಗಳಿಗೆ ಮೈಮೇಲೆ ಬಾಸುಂಡೆ ಬರುವುದಿಲ್ಲ, ಅಷ್ಟೇ. ಅವೂ 17ನೇ ಕಲಮಿನ ಒಳಗೇ ಬರುತ್ತವೆ.

ನಾವೂ ಪೆಟ್ಟು ತಿಂದೇ ಕಲಿತೆವು. ಒಂದೇಟು ಕೊಟ್ಟರೆ ಏನಾಗುತ್ತದೆ?

ಪೆಟ್ಟು ತಿಂದು ಕಲಿತವರು ಇಂದು ಶಿಕ್ಷಕರಾಗಿದ್ದಾರೆ, ಆದ್ದರಿಂದ ಅವರ ಮಾತು ನಮಗೆ ಕೇಳಿಸುತ್ತದೆ. ಪೆಟ್ಟು ತಿಂದು ಶಾಲೆ ಬಿಟ್ಟವರ ಮಾತು ಸಿಬ್ಬಂದಿ ಕೊಠಡಿಯವರೆಗೆ ಬರುವುದೇ ಇಲ್ಲ. ಅವರು ತೋಟದಲ್ಲಿದ್ದಾರೆ, ಮರ ಕಪಾತು ಮಾಡುತ್ತಿದ್ದಾರೆ. ಅವರನ್ನೂ ಕೇಳಿದ ಮೇಲೆ ಲೆಕ್ಕ ಹಾಕಬೇಕು.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಹಲವು ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ಮಕ್ಕಳನ್ನು ಹೊಡೆದು ಬೆಳೆಸುವ ವಾಡಿಕೆ ಇಲ್ಲ. ಮನೆಯಲ್ಲಿ ಕೈ ಎತ್ತಿಸಿಕೊಳ್ಳದ ಮಗು ಶಾಲೆಯಲ್ಲಿ ಎಲ್ಲರ ಎದುರು ಪೆಟ್ಟು ತಿಂದರೆ ಮರುದಿನ ಬರುವುದಿಲ್ಲ. ತಾಯಿ ತಂದೆಯೂ ಬಲವಂತ ಮಾಡುವುದಿಲ್ಲ. ಒಂದೇಟಿಗೆ ಒಂದು ಮಗುವಿನ ಓದು ಅಲ್ಲಿಗೇ ನಿಂತುಹೋಗಬಹುದು.

ಕಾಫಿ ಕೊಯ್ಲು ಶುರುವಾದರೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಕ್ಕಳು ನಾಪತ್ತೆ. ಬಂದವರನ್ನು ಮತ್ತೆ ಮೊದಲಿನಿಂದ ಹಿಡಿಯಬೇಕು. ಇದು ನಮ್ಮ ತಪ್ಪೇ?

ತಪ್ಪು ನಿಮ್ಮದಲ್ಲ, ಕೆಲಸ ಮಾತ್ರ ನಿಮ್ಮದೇ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಆರಂಭವಾಗುತ್ತದೆ, ರೋಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಶಾಲೆಯಲ್ಲಿ ಪಾಠಗಳು ಬಿಗಿಯಾಗುವ ತಿಂಗಳುಗಳೂ ಅವೇ. ಹೆಚ್ಚು ಕೊಯ್ದಷ್ಟು ಹೆಚ್ಚು ಕೂಲಿ ಎಂದಾಗ ಹತ್ತು ವರ್ಷದ ಮಗುವಿನ ಕೈಯೂ ಲೆಕ್ಕಕ್ಕೆ ಬರುತ್ತದೆ. ಕೆಲವು ಮಕ್ಕಳು ಕೊಯ್ಯುವುದಿಲ್ಲ, ಚಿಕ್ಕ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಲೈನ್ ಮನೆಯಲ್ಲಿ ಉಳಿಯುತ್ತಾರೆ. 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ಅಪರಾಧ ಎಂದು ತೋಟದ ಮಾಲೀಕರಿಗೂ ಲೆಕ್ಕ ಬರೆಯುವ ರೈಟರಿಗೂ ಗೊತ್ತು. ಶಾಲೆಯವರು ಬಂದು ಎದುರಿನಲ್ಲಿ ಕೇಳಿದರೆ ಅವರು ಎಚ್ಚರವಾಗುತ್ತಾರೆ. ಮುಖ್ಯ ಶಿಕ್ಷಕರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನು ಕರೆದುಕೊಂಡು ಕೊಯ್ಲಿಗೆ ಮೊದಲೇ ತೋಟಕ್ಕೆ ಹೋಗಿ ಮಾತನಾಡುವುದು ಫೆಬ್ರವರಿಯಲ್ಲಿ ನೋಟಿಸ್ ಕಳಿಸುವುದಕ್ಕಿಂತ ಎಷ್ಟೋ ಉತ್ತಮ. ಚಿಕ್ಕ ಮಕ್ಕಳನ್ನು ಅಂಗನವಾಡಿಗೆ ಸೇರಿಸಿದರೆ ದೊಡ್ಡ ಮಗು ತಾನಾಗಿ ಶಾಲೆಗೆ ಬರುತ್ತದೆ.

ತಿರುಗಿ ಬಂದ ಮಗುವಿಗೆ ‘ಬಂದೆಯಾ ಮಹಾರಾಜ’ ಎಂಬ ಸ್ವಾಗತ ಬೇಡ. ತಪ್ಪಿಹೋದ ಪಾಠಗಳಲ್ಲಿ ಮುಂದಿನದಕ್ಕೆ ಅಗತ್ಯವಾದದ್ದು ಯಾವುದು ಎಂದು ಆರಿಸಿಕೊಳ್ಳಿ. ಭಿನ್ನರಾಶಿ ತಪ್ಪಿದ್ದರೆ ಶೇಕಡಾ ಲೆಕ್ಕ ಬರುವುದಿಲ್ಲ, ಅದನ್ನು ಹಿಡಿದು ಕಲಿಸಲೇಬೇಕು. ಎಲ್ಲವನ್ನೂ ತುಂಬಿಸಿಕೊಡಲು ಹೋದರೆ ಇಬ್ಬರಿಗೂ ಸಾಕಾಗುತ್ತದೆ.

ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಬಂದ ಕಾರ್ಮಿಕರ ಮಕ್ಕಳ ವಿಷಯದಲ್ಲಿಯೂ ಇದೇ ಮಾತು. ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಅದಕ್ಕೆ ವಿಶೇಷ ತರಬೇತಿ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ.

ಮಗುವಿಗೆ ಕನ್ನಡವೇ ಬರುವುದಿಲ್ಲ. ಏನು ಹೇಳಿದರೂ ಸುಮ್ಮನೆ ನೋಡುತ್ತದೆ.

ಆ ಮಗುವಿಗೆ ಒಂದು ಭಾಷೆ ಚೆನ್ನಾಗಿ ಬರುತ್ತದೆ, ಬಾರದಿರುವುದು ನಮಗೆ. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬ, ಮಲಯಾಳ, ತುಳು, ಬ್ಯಾರಿ ಮಾತನಾಡುವ ಮಕ್ಕಳು ಇರುವ ಜಿಲ್ಲೆ ಇದು. ಒಂದನೇ ತರಗತಿಗೆ ಬಂದ ಮಗು ಸುಮ್ಮನಿದ್ದರೆ ಅದನ್ನು ಮಂದಬುದ್ಧಿ ಎಂದು ತೀರ್ಮಾನಿಸುವುದು ಅತಿ ದೊಡ್ಡ ಅನ್ಯಾಯ, ಅದು ನಮ್ಮಲ್ಲಿ ಆಗುತ್ತಲೇ ಇದೆ. ಅದೇ ಮಾತನಾಡುವ ನಾಲ್ಕನೇ ತರಗತಿಯ ಅಕ್ಕನನ್ನು ಪಕ್ಕದಲ್ಲಿ ಕೂರಿಸಿ. ನೀರು, ಹಸಿವು, ನೋವು, ಮೂತ್ರಕ್ಕೆ ಹೋಗಬೇಕು, ಅಮ್ಮ ಬೇಕು ಎಂಬಷ್ಟು ಮಾತುಗಳನ್ನು ಆ ಮಗುವಿನ ಭಾಷೆಯಲ್ಲಿ ನೀವು ಕಲಿಯಿರಿ. ಟೀಚರ್ ತನ್ನ ಮಾತನ್ನು ತಪ್ಪು ತಪ್ಪಾಗಿ ಆಡುವುದನ್ನು ಕೇಳಿದ ಮಗು ನಕ್ಕೇ ನಗುತ್ತದೆ. ಆಮೇಲೆ ತಾನೂ ತಪ್ಪು ಕನ್ನಡ ಆಡಲು ಹೆದರುವುದಿಲ್ಲ.

ಹಾಡಿಯ ಮಕ್ಕಳು ಶಾಲೆಗೆ ಒಗ್ಗುವುದಿಲ್ಲ ಎನ್ನುತ್ತಾರೆ. ನಿಜವೇ?

ಶಾಲೆ ಅವರಿಗೆ ಒಗ್ಗಿಕೊಂಡಿಲ್ಲ. ಕಾಡಂಚಿನಿಂದ ನಡೆದು ಬರುವ ಮಗು ಕಾಡಾನೆ ದಾರಿಯಲ್ಲಿದ್ದರೆ ಕಾಯಬೇಕು, ತಡವಾಗುತ್ತದೆ. ಆ ತಡಕ್ಕೆ ಬಾಗಿಲಲ್ಲಿ ನಿಲ್ಲಿಸುವ ಶಿಕ್ಷೆಯಾದರೆ ಜೀವ ಉಳಿಸಿಕೊಂಡದ್ದಕ್ಕೇ ಶಿಕ್ಷೆ ಕೊಟ್ಟಂತೆ. ಜೂನ್‌ನಿಂದ ಆಗಸ್ಟ್‌ವರೆಗೆ ಒದ್ದೆ ಬಟ್ಟೆಯಲ್ಲಿ ಸಂಜೆಯವರೆಗೆ ಕೂರುವ ಮಗುವಿಗೆ ಏಕಾಗ್ರತೆ ಇಲ್ಲ ಎಂದು ವರದಿ ಬರೆಯುವ ಮೊದಲು ಒಣ ಬಟ್ಟೆಯ ಬಗ್ಗೆ ಯೋಚಿಸಬೇಕು. ಶಾಲೆಯ ಬೀರುವಿನಲ್ಲಿ ನಾಲ್ಕಾರು ಜೊತೆ ಹಳೆಯ ಬಟ್ಟೆ ಇಡುವುದು ಯಾವ ಅನುದಾನವನ್ನೂ ಬೇಡದ ಕೆಲಸ.

ಒಗ್ಗದವರು ಎನ್ನುವವರಿಗೆ ಇನ್ನೊಂದನ್ನು ನೆನಪಿಸುತ್ತೇನೆ. ಇಂದು ರಾಜ್ಯದ ಸರ್ಕಾರಿ ಶಾಲೆಗಳ ಪುಟ್ಟ ಮಕ್ಕಳು ಕಲಿಯುವ ನಲಿ-ಕಲಿ ಪದ್ಧತಿ 1990ರ ದಶಕದಲ್ಲಿ ಬೆಳೆದದ್ದು ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ, ಕೆಲವು ದಿನ ಬಾರದಿದ್ದರೂ ಬಿಟ್ಟಲ್ಲಿಂದ ಮುಂದುವರಿಯಲಿ ಎಂಬುದು ಅದರ ತಿರುಳು. ಕಾಡಂಚಿನ ಶಾಲೆಗಳ ಅನುಭವ ಇಡೀ ರಾಜ್ಯಕ್ಕೆ ಪಾಠ ಹೇಳಿತು.

ಗಲಾಟೆ ನಡೆಯುತ್ತಿರುವ ಆ ಹೊತ್ತಿನಲ್ಲಿ ಏನು ಮಾಡಬೇಕು? ತತ್ವ ಬೇಡ, ಉಪಾಯ ಹೇಳಿ.

ದನಿ ಏರಿಸಬೇಡಿ, ಹತ್ತಿರ ಹೋಗಿ. ದೂರದಿಂದ ಕೂಗಿದರೆ ಇಡೀ ತರಗತಿ ಪ್ರೇಕ್ಷಕರಾಗುತ್ತದೆ, ಹುಡುಗ ಸೋಲಲು ಒಪ್ಪುವುದಿಲ್ಲ. ಪಕ್ಕದಲ್ಲಿ ನಿಂತು, ಹೆಸರು ಹಿಡಿದು, ಅವನಿಗಷ್ಟೇ ಕೇಳುವಂತೆ ಒಂದು ಮಾತು ಹೇಳಿ. ಎರಡು ಆಯ್ಕೆ ಕೊಡಿ: ಇಲ್ಲಿ ಕೂತು ಮಾಡುತ್ತೀಯಾ, ನನ್ನ ಮೇಜಿನ ಪಕ್ಕ ಕೂತು ಮಾಡುತ್ತೀಯಾ. ಎರಡರಲ್ಲೂ ಕೆಲಸ ನಡೆಯುತ್ತದೆ, ಅವನ ಮಾನವೂ ಉಳಿಯುತ್ತದೆ. ವಿಚಾರಣೆ ಆಗಲೇ ಬೇಡ. ಬಿಡುವಿನಲ್ಲಿ, ಒಬ್ಬನೇ ಇದ್ದಾಗ, ‘ಏಕೆ ಮಾಡಿದೆ’ ಎಂಬುದಕ್ಕಿಂತ ‘ಏನಾಯಿತು’ ಎಂದು ಕೇಳಿ.

ಯಾರಿಗಾದರೂ ಪೆಟ್ಟಾಗುವ ಸಂದರ್ಭವಾದರೆ ಮಾತು ಬೇಡ, ಮೊದಲು ಬೇರ್ಪಡಿಸಿ. ಕುಪಿತ ಮಗುವನ್ನು ಒಂಟಿಯಾಗಿ ಹೊರಗೆ ಕಳಿಸಬೇಡಿ. ನಮ್ಮ ಎಷ್ಟೋ ಶಾಲೆಗಳಿಗೆ ಸುತ್ತುಗೋಡೆ ಇಲ್ಲ, ಹೊರಗೆ ರಸ್ತೆ, ಹೊಳೆ, ತೋಟ.

ಮರುದಿನ ಹಾಜರಿ ಕರೆಯುವಾಗ ಅವನ ಹೆಸರನ್ನು ಎಲ್ಲರ ಹೆಸರಿನಂತೆಯೇ ಕರೆಯಬೇಕು. ನಿನ್ನೆಯ ಜಗಳ ಹಾಜರಿಯ ದನಿಯಲ್ಲಿ ಇದ್ದರೆ ಇಂದಿನ ಜಗಳ ಆಗಲೇ ಶುರುವಾಯಿತು.

ಒಬ್ಬನಿಗಾಗಿ ಇಷ್ಟು ಹೊತ್ತು ಕಳೆದರೆ ಉಳಿದ ಮಕ್ಕಳಿಗೆ ಅನ್ಯಾಯವಲ್ಲವೇ?

ಇದು ನ್ಯಾಯವಾದ ಪ್ರಶ್ನೆ. ಉಳಿದವರಿಗೂ ಕಲಿಯುವ ಹಕ್ಕಿದೆ, ಹೆದರಿಕೆ ಇಲ್ಲದೆ ಕೂರುವ ಹಕ್ಕಿದೆ. ಪದೇ ಪದೇ ಹೊಡೆತ ತಿನ್ನುವ ಚಿಕ್ಕ ಹುಡುಗನಿಗೆ ‘ಅವನ ಮನೆಯಲ್ಲಿ ಕಷ್ಟವಿದೆ, ಸಹಿಸಿಕೋ’ ಎಂದು ಹೇಳುವುದು ಕರುಣೆಯಲ್ಲ, ಒಬ್ಬ ಮಗುವಿನ ಕಷ್ಟವನ್ನು ಇನ್ನೊಬ್ಬನ ಬೆನ್ನಿಗೆ ಹೊರಿಸುವುದು. ತೊಂದರೆ ಕೊಟ್ಟವನು ತೊಂದರೆಯನ್ನು ಸರಿಪಡಿಸಬೇಕು: ಹರಿದ ಪುಸ್ತಕಕ್ಕೆ ತಾನೇ ಹೊದಿಕೆ ಹಾಕಬೇಕು, ನೋಯಿಸಿದವನ ಎದುರು ಕೂತು ಅವನ ಮಾತು ಕೇಳಬೇಕು. ಕೆಲವು ದಿನ ಬೇರೆ ಜಾಗದಲ್ಲಿ ಕೂರಿಸಬೇಕಾದರೆ ಕೂರಿಸಿ. ಆದರೆ ಅಲ್ಲಿಯೂ ಅವನಿಗೆ ಪಾಠ ಇರಬೇಕು.

ಸಮಯದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಸಮಾನವಾಗಿ ಹಂಚಿದರೆ ನ್ಯಾಯ ಆಗುವುದಿಲ್ಲ. ಮನೆಯಲ್ಲಿ ಓದಿಸುವವರು, ಟ್ಯೂಷನ್, ಪುಸ್ತಕ ಎಲ್ಲ ಇರುವ ಮಗುವಿಗೂ ಲೈನ್ ಮನೆಯ ಒಂದೇ ಕೋಣೆಯಲ್ಲಿ ಮಲಗುವ ಮಗುವಿಗೂ ನನ್ನ ಹತ್ತು ನಿಮಿಷದ ಬೆಲೆ ಒಂದೇ ಅಲ್ಲ.

ಕಲಿಕೆಯ ನ್ಯೂನತೆ ಇರಬಹುದೆಂಬ ಅನುಮಾನ ಬಂದರೆ ಎಲ್ಲಿಗೆ ಕಳಿಸಬೇಕು?

ಮೊದಲು ಕಣ್ಣು ಮತ್ತು ಕಿವಿ. ಮುಂದಿನ ಸಾಲಿಗೆ ಕೂರಿಸಿ ನೋಡಿ, ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಕರೆದು ನೋಡಿ. ಮಳೆಗಾಲದಲ್ಲಿ ಕಿವಿ ಸೋರುವ ಮಕ್ಕಳಿಗೆ ಅರ್ಧ ಪಾಠ ಕೇಳಿಸುವುದೇ ಇಲ್ಲ. ರಕ್ತಹೀನತೆ ಇರುವ ಮಗು ಹತ್ತೂವರೆಗೇ ಬೆಂಚಿಗೆ ಒರಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಶಾಲೆಗೆ ಬಂದಾಗ ಹೆಸರು ಹಿಡಿದು ಆ ಮಕ್ಕಳನ್ನು ತೋರಿಸಿ. ಸಾಲಿನಲ್ಲಿ ನಿಲ್ಲಿಸಿ ತೂಕ ನೋಡಿ ಕಳಿಸಿದರೆ ಆಯಿತೆಂದು ಬಿಡಬೇಡಿ.

ಅದೆಲ್ಲ ಸರಿಯಿದ್ದೂ ಮೂರನೇ ತರಗತಿಯ ಮಗು ಅಕ್ಷರಗಳನ್ನು ತಿರುವುಮುರುವು ಬರೆಯುತ್ತಿದ್ದರೆ, ಬಾಯಲ್ಲಿ ಚುರುಕಾಗಿದ್ದು ಓದಿನಲ್ಲಿ ಮಾತ್ರ ನಿಂತುಹೋಗಿದ್ದರೆ, ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣದ (ವಿಶೇಷ ಅಗತ್ಯವುಳ್ಳ ಮಕ್ಕಳನ್ನೂ ಎಲ್ಲರ ಜೊತೆ ಕಲಿಸುವ) ಸಂಪನ್ಮೂಲ ಶಿಕ್ಷಕರಿಗೆ ತಿಳಿಸಿ. ಮಾತು, ಶ್ರವಣ ಮತ್ತು ಭಾಷಾ ಕಲಿಕೆಯ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರು ಸಿಗುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ದೊರೆಯುತ್ತಾರೆ. ಇದನ್ನು ಹತ್ತನೇ ತರಗತಿಯ ಜನವರಿಯಲ್ಲಿ ನೆನಪಿಸಿಕೊಂಡರೆ ತಡವಾಯಿತು.

ರೋಗದ ಹೆಸರನ್ನು ಮಾತ್ರ ನೀವೇ ಇಡಬೇಡಿ. ಅದು ತಜ್ಞರ ಕೆಲಸ.

ಮಳೆ ಜೋರಾದರೆ ಕೆಲವು ಮಕ್ಕಳು ಅಳುತ್ತಾರೆ, ಚಡಪಡಿಸುತ್ತಾರೆ. ನಾಟಕವೇ?

ನಾಟಕವೆಂದು ಎಣಿಸಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜಾರಿದಾಗ ಪುಟ್ಟವರಿದ್ದ ಮಕ್ಕಳು ಈಗ ಪ್ರೌಢಶಾಲೆಯ ವಯಸ್ಸಿನವರು. ಮರುವರ್ಷ ವಿರಾಜಪೇಟೆ ಕಡೆಯ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಬೆಟ್ಟ ಕುಸಿಯಿತು. ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿ ಮಲಗಿದವರು, ಬಂಧುಗಳನ್ನು ಕಳೆದುಕೊಂಡವರು ಅವರಲ್ಲಿದ್ದಾರೆ. ಆಮೇಲೆ ಹುಟ್ಟಿದವರಿಗೂ ಮನೆಯ ದೊಡ್ಡವರ ಹೆದರಿಕೆ ಅಂಟಿರುತ್ತದೆ. ಮಳೆಯ ದಿನ ಕಿಟಕಿ ಪಕ್ಕದಿಂದ ಆ ಮಗುವನ್ನು ಒಳಗೆ ಕರೆದುಕೊಳ್ಳಿ, ಕೈಗೆ ಕೆಲಸ ಕೊಡಿ, ಮನೆಗೆ ಹೋಗುವ ದಾರಿ ಸರಿಯಿದೆ ಎಂಬ ಸುದ್ದಿ ತಿಳಿದಿದ್ದರೆ ಹೇಳಿ. ವಾರಗಟ್ಟಲೆ ನಿದ್ದೆ ಊಟ ಬಿಟ್ಟಿದ್ದರೆ ವೈದ್ಯರಿಗೆ ತೋರಿಸಬೇಕು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಶಿಕ್ಷಕರೂ ಕರೆ ಮಾಡಿ ಸಲಹೆ ಕೇಳಬಹುದು.

ಪೋಷಕರನ್ನು ಕರೆದರೆ ಬರುವುದಿಲ್ಲ. ಬಂದರೆ ಕುಡಿದು ಬರುತ್ತಾರೆ.

ಕೆಲಸದ ದಿನ ಕರೆದರೆ ಬಾರದಿರುವುದು ಸಹಜ, ಆ ದಿನದ ಕೂಲಿ ಹೋಗುತ್ತದೆ. ಹಲವು ತೋಟಗಳಿಗೆ ಆ ಭಾಗದ ಸಂತೆಯ ದಿನವೇ ರಜೆ. ಸಂತೆಗೆ ಹೊರಡುವ ಮೊದಲು, ಬೆಳಿಗ್ಗೆಯೇ ಬರಲು ಹೇಳಿ. ತಾಯಿಯನ್ನು, ಅಜ್ಜಿಯನ್ನು ಕರೆಯಿರಿ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ. ಮೊದಲ ಮಾತು ಮಗುವಿನ ಒಳ್ಳೆಯ ಗುಣದ ಬಗ್ಗೆ ಇರಲಿ, ಅದು ನಿಜವಾಗಿರಲಿ. ದೂರು ಕೇಳಿ ಮನೆಗೆ ಹೋದ ತಂದೆ ರಾತ್ರಿ ಮಗುವನ್ನು ಹೊಡೆಯುತ್ತಾನೆ ಎಂದು ಗೊತ್ತಿದ್ದೂ ದೂರು ಹೇಳಿದರೆ ಆ ಪೆಟ್ಟಿನಲ್ಲಿ ನಮಗೂ ಪಾಲಿದೆ.

ಮನೆಯಲ್ಲಿ ಹಿಂಸೆ ಇದೆ ಎಂದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೂ ಅಪರಾಧ. ಊರಿನ ಮರ್ಯಾದೆ, ಶಾಲೆಯ ಹೆಸರು ಎಂಬ ಲೆಕ್ಕಾಚಾರಕ್ಕೆ ಇಲ್ಲಿ ಜಾಗವಿಲ್ಲ.

ಈ ಮಗುವಿನಿಂದ ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಡುತ್ತದೆ. ಟಿ.ಸಿ. ಕೊಟ್ಟು ಕಳಿಸಬಹುದೇ?

ಎಂಟನೇ ತರಗತಿಯವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ತಡೆಹಿಡಿಯಲು ಅವಕಾಶ ಕೊಟ್ಟಿತು, ಹೊರಹಾಕಲು ಕೊಡಲಿಲ್ಲ. ಒಂಬತ್ತರಲ್ಲಿ ‘ನೀವೇ ಬಿಡಿಸಿಕೊಂಡು ಹೋಗಿ’ ಎಂದು ಪೋಷಕರಿಂದ ಅರ್ಜಿ ಬರೆಸಿಕೊಳ್ಳುವ ಚಾಳಿ ಕೆಲವೆಡೆ ಇದೆ. ನೂರಕ್ಕೆ ನೂರು ಎಂದು ಫಲಕ ಹಾಕುವುದಕ್ಕಾಗಿ ಇಬ್ಬರು ಮಕ್ಕಳನ್ನು ಬೀದಿಗೆ ಬಿಟ್ಟ ಶಾಲೆಯ ಫಲಿತಾಂಶಕ್ಕೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ.

ಎಷ್ಟು ಪ್ರಯತ್ನಿಸಿದರೂ ಆ ಮಗುವಿನ ಮೇಲೆ ನನಗೆ ಪ್ರೀತಿ ಹುಟ್ಟುತ್ತಿಲ್ಲ. ನಾನು ಕೆಟ್ಟ ಶಿಕ್ಷಕನೇ?

ಅಲ್ಲ. ಪ್ರೀತಿ ಆಜ್ಞೆಗೆ ಬರುವುದಿಲ್ಲ. ಮಗುವಿಗೆ ನಿಮ್ಮಿಂದ ಸಿಗಬೇಕಾದದ್ದು ನ್ಯಾಯ, ಸಹನೆ, ಪಾಠ. ನೋಟ್‌ಬುಕ್ ತಿದ್ದಬೇಕು, ಕೈ ಎತ್ತಿದಾಗ ಅವಕಾಶ ಕೊಡಬೇಕು, ಜ್ವರ ಬಂದಾಗ ಹಣೆ ಮುಟ್ಟಿ ನೋಡಬೇಕು. ಇಷ್ಟನ್ನು ಬಿಡದೆ ಮಾಡುತ್ತಾ ಬಂದವರಿಗೆ ಅಕ್ಕರೆ ಹಿಂದಿನಿಂದ ಬಂದದ್ದೂ ಇದೆ. ಬಾರದಿದ್ದರೂ ಮಗುವಿಗೆ ನಷ್ಟವಾಗುವುದಿಲ್ಲ.

ಶಾಲೆಗೆ ನಾನೊಬ್ಬಳೇ ಶಿಕ್ಷಕಿ. ಐದು ತರಗತಿ, ಬಿಸಿಯೂಟ, ಹಾಲು, ಮೊಟ್ಟೆ, ಆನ್‌ಲೈನ್ ಮಾಹಿತಿ. ಇನ್ನೂ ಎಷ್ಟು ಹೊರಬೇಕು?

ನಿಮ್ಮ ಆಯಾಸ ನಿಜವಾದದ್ದು. ಅದನ್ನು ಕರ್ತವ್ಯದ ಹೆಸರಿನಲ್ಲಿ ಮುಚ್ಚಿಹಾಕುವವರ ಜೊತೆ ನಾನಿಲ್ಲ. ಖಾಲಿ ಹುದ್ದೆ ತುಂಬದಿರುವುದು ಸರ್ಕಾರದ ನೈತಿಕ ಹೊಣೆಯ ಪ್ರಶ್ನೆ, ಅದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ಕೇಳುತ್ತಲೇ ಇರಬೇಕು. ಎಸ್‌ಡಿಎಂಸಿ ಕೇಳಲಿ, ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಲಿ. ಅಲ್ಲಿಯವರೆಗೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಎತ್ತಲು ಹೋಗಬೇಡಿ. ಈ ತಿಂಗಳು ಇಬ್ಬರನ್ನು ಆರಿಸಿ, ದಿನಕ್ಕೆ ಕಾಲು ಗಂಟೆ ಅವರೊಡನೆ ಓದಿ. ಕುಡಿಗೆಯ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿಗೆ ಹೋದಾಗ ಬೇರೆ ಶಾಲೆಯವರ ಎದುರು ನಿಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಿ. ಮಕ್ಕಳ ಮೇಲೆ ಕೈ ಏಳುವಷ್ಟು ಸಿಟ್ಟು ಬಂದ ದಿನ ಎರಡು ನಿಮಿಷ ವರಾಂಡಕ್ಕೆ ಬಂದು ನಿಂತರೆ ಯಾವ ಪಾಠವೂ ಹಾಳಾಗುವುದಿಲ್ಲ.

ಎಲ್ಲ ಮಾಡಿದರೂ ಹುಡುಗ ಒಂಬತ್ತರಲ್ಲಿ ಬಿಟ್ಟು ತೋಟದ ಕೆಲಸಕ್ಕೆ ಸೇರಿದ. ಅಲ್ಲಿಗೆ ಮುಗಿಯಿತೇ?

ನಿಮ್ಮ ಸೋಲು ಎಂದು ಬರೆದುಕೊಳ್ಳಬೇಡಿ. ಮಗು ಏನಾಯಿತು ಎಂಬುದು ನಮ್ಮೊಬ್ಬರ ಕೈಯಲ್ಲಿಲ್ಲ. ಆದರೆ ದಾರಿ ಮುಚ್ಚಿಲ್ಲ: ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು, ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹೆಸರು ನೋಂದಾಯಿಸಬಹುದು. ಅವನಿಗೆ ಅದು ಗೊತ್ತಿರುವುದಿಲ್ಲ, ಅರ್ಜಿಯ ಕೊನೆಯ ದಿನಾಂಕ ಅಂತೂ ತಿಳಿದೇ ಇರುವುದಿಲ್ಲ. ಜನ್ಮ ದಿನಾಂಕ, ತಂದೆಯ ಹೆಸರು, ಜಾತಿ ಪ್ರಮಾಣಪತ್ರ ಒಂದಕ್ಕೊಂದು ಹೊಂದುವಂತೆ ಶಾಲೆಯ ದಾಖಲೆಯಲ್ಲಿ ಈಗಲೇ ಸರಿಪಡಿಸಿಡಿ. ಅವನ ತಮ್ಮನೋ ತಂಗಿಯೋ ಇನ್ನೂ ನಿಮ್ಮ ಶಾಲೆಯಲ್ಲಿದ್ದರೆ ಅವರ ಕೈಯಲ್ಲಿ ಪ್ರತಿ ವರ್ಷ ಅರ್ಜಿಯ ದಿನಾಂಕ ಬರೆದ ಚೀಟಿ ಕಳಿಸಿ, ಪರೀಕ್ಷಾ ಶುಲ್ಕ ಎಷ್ಟೆಂಬುದನ್ನೂ ಅದರಲ್ಲಿ ಬರೆಯಿರಿ.